ಕೀಲೆಣ್ಣೆಯೂ ಅತಿಸೂಕ್ಷ್ಮ ಪುಡಿಯೂ: ಭೂಮಾಲಿಕರು ವಿಚಾರಿಸತಕ್ಕ ಸಂಗತಿ

ಯಂತ್ರವು ಯಾವುದೇ ಆಗಿರಲಿ, ಒಂದರ ಮೇಲೊಂದು ಉಜ್ಜುವ ಎರಡು ಲೋಹಗಳ ನಡುವೆ ಎಣ್ಣೆಯ ಪದರವಿಲ್ಲದೆ ಅದು ಬಹುಕಾಲ ನಡೆಯಲಾರದೆಂಬುದು ಚಕ್ಕಡಿ ಹೂಡಿ ಬಲ್ಲ ರೈತನಿಗೆ ಯಾರೂ ಕಲಿಸಬೇಕಾದ ಮಾತಲ್ಲ. ಆದರೆ ಆ ಎಣ್ಣೆಯು ಯಾವುದಾಗಿರಬೇಕು, ಎಲ್ಲಿಂದ ಬರಬೇಕು, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುವುದು ಎಂಬುದನ್ನು ನಮ್ಮ ಗ್ರಾಮಗಳಲ್ಲಿ ವಿಚಾರಿಸುವವರು ಕಡಿಮೆ. ಮಾಸೂರಿನ ಸುತ್ತಲಿನ ಸೀಮೆಯಲ್ಲಿ ಈಗ ಟ್ರಾಕ್ಟರು, ರೋಟಾವೇಟರು, ಗೋವಿನಜೋಳ ಒಕ್ಕುವ ಯಂತ್ರ, ಮರ ಕೊಯ್ಯುವ ಸರಪಳಿ ಗರಗಸ ಇವೆಲ್ಲ ಸಾಮಾನ್ಯವಾಗಿ ಹೋಗಿವೆ. ಇವುಗಳಿಗೆ ಬೇಕಾದ ಎಣ್ಣೆಯನ್ನೂ ಗ್ರೀಸನ್ನೂ ಡಬ್ಬಿಗಟ್ಟಲೆ ಪೇಟೆಯಿಂದ ತರುತ್ತೇವೆ. ಅದೇ ಕಾಲಕ್ಕೆ ಬದುಗಳ ಮೇಲಿನ ಔಡಲವೂ ಹಳ್ಳದ ದಂಡೆಯ ಹುಲಗಲವೂ, ಎಂದರೆ ಹೊಂಗೆಯೂ, ಬೀಜ ಉದುರಿಸಿ ಮಣ್ಣುಪಾಲಾಗುತ್ತಿರುವುದು.

ಇತ್ತೀಚಿನ ವರ್ಷಗಳಲ್ಲಿ ವಿದ್ವಾಂಸರು ಹೊಸದೊಂದು ಮಾತನ್ನು ಮುಂದಿಟ್ಟಿರುವರು. ಗಿಡದ ಎಣ್ಣೆಯಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಯಿಸಿದರೆ ಅದು ಭೂತೈಲದಿಂದ ಮಾಡಿದ ಕೀಲೆಣ್ಣೆಗೆ ಸಮನಾಗಿ, ಕೆಲವು ಪರೀಕ್ಷೆಗಳಲ್ಲಿ ಅದನ್ನು ಮೀರಿಸಿ, ಲೋಹದ ಸವೆತವನ್ನು ತಡೆಯುವುದೆಂದು ಪ್ರಯೋಗಶಾಲೆಗಳಲ್ಲಿ ತೋರಿಸಲಾಗಿದೆ. ಈ ಪುಡಿಗೆ ನ್ಯಾನೊ ಪುಡಿ ಎಂದು ಹೆಸರು. ೨೦೨೧ರಲ್ಲಿ ಇಫ್ಕೋ ಸಂಸ್ಥೆಯು ದ್ರವರೂಪದ ನ್ಯಾನೊ ಯೂರಿಯಾವನ್ನು ಹೊರತಂದಂದಿನಿಂದ ಈ ಹೆಸರು ನಮ್ಮ ರೈತರಿಗೆ ಚೆನ್ನಾಗಿ ಪರಿಚಿತವಾಗಿದೆ. ಅದರ ಪ್ರಯೋಜನದ ವಿಷಯವಾಗಿ ಪಂಡಿತರಲ್ಲಿಯೇ ಮತಭೇದವಿರುವುದೂ ಪರಿಚಿತವೇ. ಈಗ ಎಂಜಿನ್ ಎಣ್ಣೆಗೆ ಬೆರೆಸತಕ್ಕ ಸೀಸೆಗಳ ಮೇಲೂ ಅದೇ ಹೆಸರು ಕಾಣಿಸಿಕೊಳ್ಳುತ್ತಲಿದೆ. ಈ ಹೆಸರಿಗೆ ಮರುಳಾಗುವುದೂ ಬೇಡ, ಇದನ್ನು ಕಂಡು ಮೂಗು ಮುರಿಯುವುದೂ ಬೇಡ. ಮೊದಲು ಎಣ್ಣೆಯನ್ನು ಶುದ್ಧ ಮಾಡಿಕೊಳ್ಳತಕ್ಕದ್ದು; ಪುಡಿಯ ಮಾತು ಅದರ ತರುವಾಯ; ಅದನ್ನಾದರೂ ತಮ್ಮ ಊರಿನಲ್ಲಿಯೇ ಪರೀಕ್ಷಿಸಿ ನೋಡಿದ ಹೊರತು ಕೊಳ್ಳಬಾರದು ಎಂಬುದೇ ಈ ಲೇಖಕನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸಲಾಗುವುದು.

ಎಣ್ಣೆಯಲ್ಲಿ ಪುಡಿ ಬೆರೆಸುವ ಪದ್ಧತಿ ನಮಗೆ ಹೊಸತೇನೂ ಅಲ್ಲ. ಮರದ ಗಾಲಿಯ ಚಕ್ಕಡಿಗಳ ಕಾಲದಲ್ಲಿ ಔಡಲ ಎಣ್ಣೆಗೆ ಹುಲ್ಲು ಸುಟ್ಟ ಮಸಿಯನ್ನು ಕಲಸಿ ಅಚ್ಚಿಗೆ ಬಳಿಯುತ್ತಿದ್ದುದನ್ನು ವೃದ್ಧರು ಈಗಲೂ ಬಲ್ಲರು. ಹುಲ್ಲನ್ನು ಬೆಳ್ಳನೆಯ ಬೂದಿಯಾಗಲು ಬಿಡದೆ ಕರಿಯಾಗಿರುವಾಗಲೇ ಆರಿಸುವುದರಲ್ಲಿ ಒಂದು ಜಾಣತನವಿದೆ. ಭತ್ತದ ಹುಲ್ಲಿನ ಬಿಳಿಯ ಬೂದಿಯಲ್ಲಿ ಮರಳಿನಲ್ಲಿರುವ ಸಿಲಿಕವೇ ಹೇರಳವಾಗಿರುವುದು. ಅದು ಅಚ್ಚನ್ನು ಅರದಂತೆ ತೇಯುವುದು. ಕರಿಯ ಮಸಿಯಾದರೋ ಮೃದುವಾದ ಇಂಗಾಲವು. ಎಣ್ಣೆಯನ್ನು ಮಂದಗೊಳಿಸಿ ಗಾಲಿಯಿಂದ ಬೇಗ ಸೋರದಂತೆ ಹಿಡಿದಿಡುವುದು. ದೀಪದ ಕುಡಿಯಿಂದ ಹಿಡಿದ ಕಾಡಿಗೆಯ ಕಣಗಳಂತೂ ಈಗಿನ ವಿದ್ವಾಂಸರು ನ್ಯಾನೊ ಎಂದು ಕರೆಯುವ ಅಳತೆಯವೇ ಆಗಿವೆ.

ಔಡಲ ಎಣ್ಣೆಯ ಯೋಗ್ಯತೆಯನ್ನು ಪರದೇಶದವರೂ ಮನಗಂಡಿದ್ದರು. ೧೯೦೯ರಲ್ಲಿ ಇಂಗ್ಲಂಡದ ವೇಕ್‌ಫೀಲ್ಡ್ ಕಂಪನಿಯವರು ಔಡಲ ಎಣ್ಣೆ ಬೆರೆಸಿದ ತಮ್ಮ ಎಂಜಿನ್ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟರು. ಔಡಲಕ್ಕೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎನ್ನುವುದರಿಂದ ಆ ಹೆಸರು ಬಂದಿತು. ೧೯೧೪ರಿಂದ ೧೯೧೮ರ ವರೆಗೆ ನಡೆದ ಮಹಾಯುದ್ಧದಲ್ಲಿ ವಿಮಾನಗಳ ತಿರುಗು ಎಂಜಿನುಗಳಿಗೆ ಈ ಎಣ್ಣೆಯೇ ಬೇಕಾಗಿದ್ದಿತು, ಏಕೆಂದರೆ ಇದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಎಂಜಿನಿನಿಂದ ಸಿಡಿದ ಎಣ್ಣೆಯ ಹನಿಗಳನ್ನು ಉಸಿರಿನೊಡನೆ ನುಂಗಿದ ವೈಮಾನಿಕರಿಗೆ ಹೊಟ್ಟೆ ಸಡಿಲಾಗುತ್ತಿದ್ದಿತೆಂಬ ಸಂಗತಿಯನ್ನು ನಮ್ಮ ಅಜ್ಜಿಯಂದಿರು ಕೇಳಿದ್ದರೆ ನಗದೆ ಇರುತ್ತಿರಲಿಲ್ಲ. ಇಂದಿಗೂ ಜಗತ್ತಿನಲ್ಲಿ ಔಡಲವನ್ನು ಅತ್ಯಧಿಕವಾಗಿ ಬೆಳೆಯುವ ದೇಶ ಭಾರತವೇ. ಅದರಲ್ಲಿ ಗುಜರಾತಿನದು ದೊಡ್ಡ ಪಾಲು.

ಪುಡಿಯ ವಿಷಯದಲ್ಲಿಯೂ ಪಾಶ್ಚಾತ್ಯರ ಪ್ರಯತ್ನವು ನೂರು ವರ್ಷಗಳಿಗಿಂತ ಹಳೆಯದು. ಅಮೇರಿಕದ ಎಡ್ವರ್ಡ್ ಅಚೆಸನ್ ಎಂಬವರು ಗ್ರಾಫೈಟನ್ನು, ಎಂದರೆ ಪೆನ್ಸಿಲಿನೊಳಗಿನ ಕರಿಯ ಪದಾರ್ಥವನ್ನು, ಎಣ್ಣೆಯಲ್ಲಿ ಬೆರೆಸಿ ಕೀಲೆಣ್ಣೆ ಮಾಡಲು ಹವಣಿಸಿದಾಗ ಪುಡಿಯು ತಳಕ್ಕೆ ಕುಳಿತುಬಿಡುವುದೇ ದೊಡ್ಡ ತೊಡಕಾಯಿತು. ಹುಲ್ಲನ್ನು ಕುದಿಸಿದ ನೀರು ಜೇಡಿಮಣ್ಣಿನ ಗುಣವನ್ನು ಮಾರ್ಪಡಿಸುವುದನ್ನು ಅವರು ಅದಕ್ಕೆ ಮೊದಲೇ ಕಂಡುಕೊಂಡಿದ್ದರು. ಅದೇ ಜಾಡಿನಲ್ಲಿ ೧೯೦೬ರ ಸುಮಾರಿಗೆ ಒಗರಿನ ಸತ್ತ್ವವನ್ನು, ಎಂದರೆ ನಮ್ಮ ಅಳಲೆಕಾಯಿಯಲ್ಲಿ ಹೇರಳವಾಗಿರುವಂಥ ಟ್ಯಾನಿನ್ನನ್ನು, ಉಪಯೋಗಿಸಿ ಗ್ರಾಫೈಟಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ತೇಲಿಕೊಂಡಿರುವಂತೆ ಮಾಡಿದರು. ಕಣಗಳು ತೇಲಿಕೊಂಡಿದ್ದರೆ ಮಾತ್ರ ಅವು ಎಣ್ಣೆಯೊಡನೆ ಉಜ್ಜುವ ಜಾಗಕ್ಕೆ ಹೋಗಬಲ್ಲವು. ತಳಕ್ಕೆ ಕುಳಿತ ಪುಡಿಯು ಡಬ್ಬಿಯ ತಳವನ್ನು ಕಾಪಾಡೀತೇ ಹೊರತು ಯಂತ್ರವನ್ನಲ್ಲ.

ಈಗಿನ ಪುಡಿಗಳು ಇನ್ನೂ ನುಣ್ಣನೆಯವು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರು. ಪುಡಿಯ ಕಣಗಳು ೧೦೦ ನ್ಯಾನೊಮೀಟರಿಗಿಂತ ಚಿಕ್ಕವು. ತಲೆಗೂದಲಿನ ದಪ್ಪವೋ ಹತ್ತಾರು ಸಾವಿರ ನ್ಯಾನೊಮೀಟರು. ಇಸ್ರೇಲಿನ ವೈಟ್ಸ್‌ಮನ್ ಸಂಸ್ಥೆಯ ರೆಶೆಫ್ ಟೆನ್ನೆ ಎಂಬ ವಿದ್ವಾಂಸರು ೧೯೯೨ರಲ್ಲಿ ಟಂಗ್‌ಸ್ಟನ್ ಮತ್ತು ಗಂಧಕ ಕೂಡಿದ ಪದಾರ್ಥವು ಟೊಳ್ಳು ಗುಂಡಿನಂತೆ ಪದರ ಪದರವಾಗಿ ಸುತ್ತಿಕೊಳ್ಳುವುದನ್ನು ಪ್ರಕಟಿಸಿದರು. ೧೯೯೭ರಲ್ಲಿ ಅದೇ ಗುಂಪಿನವರು ಅಂಥ ಕಣಗಳು ಎಣ್ಣೆಯಲ್ಲಿ ಬೆರೆತಾಗ ಘರ್ಷಣೆಯನ್ನು ತಗ್ಗಿಸುವುದನ್ನು ತೋರಿಸಿದರು. ಅಲ್ಲಿಂದೀಚೆಗೆ ಸತುವಿನ ಭಸ್ಮ, ತಾಮ್ರದ ಭಸ್ಮ, ಟೈಟೇನಿಯಮ್ ಭಸ್ಮ, ಸಿಲಿಕ, ಮಾಲಿಬ್ಡಿನಮ್ ಗಂಧಕ, ಗ್ರಾಫೀನ್ ಮೊದಲಾದುವುಗಳನ್ನು ಔಡಲ, ಹೊಂಗೆ, ಬೇವು, ತೆಂಗು, ಸಾಸಿವೆ ಮುಂತಾದ ಎಣ್ಣೆಗಳಲ್ಲಿ ಬೆರೆಸಿ ನೋಡುತ್ತಿರುವರು. ನಮ್ಮ ದೇಶದ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಈ ಕೆಲಸವು ಭರದಿಂದ ಸಾಗಿದೆ.

ಪುಡಿಯು ಮಾಡುವ ಉಪಕಾರ ಹಲವು ಬಗೆಯದು. ದುಂಡಗಿನ ಕಣಗಳು ಎರಡು ಲೋಹಗಳ ನಡುವೆ ಚಿಕ್ಕ ಗುಂಡುಗಳಂತೆ ಉರುಳುವುವು. ಲೋಹದ ಮೈಯ ಗೀರುಗಳಲ್ಲಿ ಕೆಲವು ತುಂಬಿಕೊಂಡು ಅದನ್ನು ಸಮಮಾಡುವುವು. ಪದರ ಪದರವಾದ ಗ್ರಾಫೈಟು, ಮಾಲಿಬ್ಡಿನಮ್ ಗಂಧಕಗಳು ಪೇರಿಸಿಟ್ಟ ವೀಳ್ಯದೆಲೆಗಳು ಜಾರುವಂತೆ ಒಂದರ ಮೇಲೊಂದು ಜಾರಿ, ಒತ್ತಡ ಹೆಚ್ಚಾಗಿ ಎಣ್ಣೆಯು ಹಿಂಡಿಹೋದ ಜಾಗದಲ್ಲಿಯೂ ಲೋಹಕ್ಕೆ ಲೋಹ ತಾಗದಂತೆ ಕಾಪಾಡುವುವು. ಗಿಡದ ಎಣ್ಣೆಗೆ ತನ್ನದೇ ಆದ ಒಂದು ಗುಣವೂ ಉಂಟು. ಅದರ ಅಣುವಿನ ಒಂದು ತುದಿಯು ಲೋಹಕ್ಕೆ ಅಂಟಿಕೊಳ್ಳುವ ಸ್ವಭಾವದ್ದಾದುದರಿಂದ ಅದು ಭೂತೈಲಕ್ಕಿಂತ ಗಟ್ಟಿಯಾಗಿ ಲೋಹದ ಮೈಗೆ ಹತ್ತಿಕೊಂಡಿರುವುದು. ಬೆಂಕಿ ಹತ್ತುವ ಉಷ್ಣಮಾನವೂ ಅದಕ್ಕೆ ಹೆಚ್ಚು.

ಇಷ್ಟೆಲ್ಲ ಇದ್ದರೂ ಲೋಕದ ಯಂತ್ರಗಳು ಗಿಡದ ಎಣ್ಣೆಯನ್ನು ಬಿಟ್ಟು ಭೂತೈಲದ ಕಡೆಗೆ ಹೋದುದೇಕೆ? ಅಗ್ಗವೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ಗಿಡದ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಅಂಟಾಗುವುದು, ಕೊನೆಗೆ ಅರಗಿನಂತೆ ಗಟ್ಟಿಯಾಗುವುದು. ಈ ದೋಷವು ಎಲ್ಲ ಎಣ್ಣೆಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಅಯೋಡಿನ್ ಅಂಕವೆಂಬ ಅಳತೆಯಿಂದ ಇದನ್ನು ಸ್ಥೂಲವಾಗಿ ತಿಳಿಯಬಹುದು. ಅಂಕ ಹೆಚ್ಚಿದಷ್ಟೂ ಎಣ್ಣೆ ಬೇಗ ಒಣಗುವುದು. ಔಡಲಕ್ಕೆ ಅದು ೮೨ರಿಂದ ೯೦ರ ವರೆಗೆ. ಕುಸುಬಿಗೆ ೧೪೦ರ ಸುಮಾರು. ಅಗಸೆಗೆ ೧೭೦ಕ್ಕೂ ಮೇಲೆ. ಅಗಸೆಯೆಣ್ಣೆಯನ್ನು ಬಣ್ಣ ಬಳಿಯುವವರು ಕೊಳ್ಳುವುದು ಅದು ಒಣಗುವುದೆಂಬ ಕಾರಣದಿಂದಲೇ. ಮನೆಯಲ್ಲಿ ಮಿಕ್ಕ ಕುಸುಬಿಯೆಣ್ಣೆಯನ್ನೋ ಸೂರ್ಯಕಾಂತಿಯೆಣ್ಣೆಯನ್ನೋ ಯಂತ್ರಕ್ಕೆ ಹಾಕಿ, ತಿಂಗಳ ಮೇಲೆ ಸರಪಳಿಯು ಬಿಗಿದುಕೊಂಡಿತೆಂದು ಗಿಡದ ಎಣ್ಣೆಯ ಜಾತಿಯನ್ನೇ ನಿಂದಿಸುವುದು ನ್ಯಾಯವಲ್ಲ. ಯಂತ್ರಕ್ಕೆ ತಕ್ಕವು ಔಡಲ ಮತ್ತು ಹೊಂಗೆ ಇವೇ. ಔಡಲವು ಬಹಳ ಮಂದವಾದುದರಿಂದ ಭಾರ ಹೊತ್ತು ನಿಧಾನವಾಗಿ ತಿರುಗುವ ಕಡೆಗೂ, ಹೊಂಗೆಯು ಅದಕ್ಕಿಂತ ಬಹಳ ತೆಳುವಾದುದರಿಂದ ಸರಪಳಿಗಳಿಗೂ ಒಪ್ಪುವುದು.

ಪುಡಿಯು ಈ ದೋಷವನ್ನು ನೀಗುವುದೇ ಎಂದು ಕೇಳಬೇಕಾಗಿದೆ. ಪುಡಿಗಳು ಮುಖ್ಯವಾಗಿ ತಡೆಯುವುದು ಸವೆತವನ್ನು. ಎಣ್ಣೆಯು ಅಂಟಾಗುವುದನ್ನು ತಡೆಯಲು ಬೇರೆ ಔಷಧಗಳೇ ಬೇಕು. ಅಷ್ಟೇ ಅಲ್ಲ, ತಾಮ್ರವು ಎಣ್ಣೆಯನ್ನು ಬೇಗ ಕೆಡಿಸುವ ಲೋಹವೆಂಬುದು ಚೆನ್ನಾಗಿ ಸಿದ್ಧವಾದ ಸಂಗತಿ. ತಾಮ್ರದ ಪಾತ್ರೆಯಲ್ಲಿ ಬಹುದಿನವಿಟ್ಟ ಎಣ್ಣೆಯು ಕಿಲುಬು ಹಿಡಿದು ಹಸಿರಾಗುವುದನ್ನು ಕಂಡವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ತಾಮ್ರದ ಪುಡಿಯನ್ನು ಬೆರೆಸಿದ ಎಣ್ಣೆಯು ಪ್ರಯೋಗಶಾಲೆಯಲ್ಲಿ ಸವೆತವನ್ನು ಚೆನ್ನಾಗಿ ತಡೆದರೂ ಆರು ತಿಂಗಳು ಡಬ್ಬಿಯಲ್ಲಿ ಕುಳಿತ ಮೇಲೆ ಹೇಗಿರುವುದೆಂದು ಮಾರುವವರನ್ನು ಕೇಳತಕ್ಕದ್ದು.

ಪ್ರಯೋಗಶಾಲೆಯ ಪರೀಕ್ಷೆಯಾದರೂ ಎಂಥದೆಂದು ತಿಳಿದಿರುವುದು ಒಳ್ಳೆಯದು. ಮೂರು ಉಕ್ಕಿನ ಗುಂಡುಗಳನ್ನು ಎಣ್ಣೆಯಲ್ಲಿ ಕೂಡಿಸಿ, ನಾಲ್ಕನೆಯ ಗುಂಡನ್ನು ಅವುಗಳ ಮೇಲೆ ಒತ್ತಿ ತಿರುಗಿಸುವರು. ಅನಂತರ ಕೆಳಗಿನ ಗುಂಡುಗಳ ಮೇಲೆ ಬಿದ್ದ ಗಾಯದ ಅಗಲವನ್ನು ಸೂಕ್ಷ್ಮದರ್ಶಕದಿಂದ ಅಳೆಯುವರು. ಸವೆತದ ಈ ಪರೀಕ್ಷೆಯು ಸಾಮಾನ್ಯವಾಗಿ ಒಂದು ಗಂಟೆಯ ಕಾಲ ೭೫ ಡಿಗ್ರಿ ಸೆಂಟಿಗ್ರೇಡ್ ಉಷ್ಣಮಾನದಲ್ಲಿ ನಡೆಯುವುದು. ಒಂದು ಎಣ್ಣೆಯನ್ನು ಮತ್ತೊಂದರೊಡನೆ ಹೋಲಿಸಲು ಇದು ಸರಿಯಾದ ಉಪಾಯ. ಆದರೆ ಆ ಪಾತ್ರೆಯಲ್ಲಿ ಎರೆಭೂಮಿಯ ಧೂಳಿಲ್ಲ, ಮುಂಗಾರಿನ ನೀರಿಲ್ಲ, ಗೋವಿನಜೋಳದ ತೌಡಿಲ್ಲ. ಗಂಟೆಯ ಲೆಕ್ಕವನ್ನು ಸುಗ್ಗಿಯ ಲೆಕ್ಕಕ್ಕೆ ನೇರವಾಗಿ ಹಾಕಲಾಗದು.

ಪ್ರಮಾಣದ ವಿಷಯವೂ ಹೀಗೆಯೇ. ಅನೇಕ ಪರೀಕ್ಷೆಗಳಲ್ಲಿ ಎಣ್ಣೆಯ ತೂಕದ ನೂರಕ್ಕೆ ಅರ್ಧ ಪಾಲಿನ ಆಚೀಚೆಯಲ್ಲಿ ಪುಡಿಯ ಗುಣವು ಉತ್ತಮವಾಗಿ ಕಂಡಿದೆ, ಎಂದರೆ ಒಂದು ಕಿಲೋಗ್ರಾಮ್ ಎಣ್ಣೆಗೆ ೫ ಗ್ರಾಮ್ ಮಾತ್ರ. ಅದಕ್ಕಿಂತ ಬಹಳ ಹೆಚ್ಚಿಸಿದರೆ ಕಣಗಳು ಒಂದನ್ನೊಂದು ಹಿಡಿದು ಗಂಟಾಗುವುವು. ಗಂಟಾದ ಪುಡಿಯು ಎಣ್ಣೆಯೊಳಗಿನ ಮರಳಿಗೆ ಸಮಾನವಾಗಿ ಕಾಪಾಡಬೇಕಾದ ಲೋಹವನ್ನೇ ತೇಯುವುದು. ಗೊಬ್ಬರದಲ್ಲಿಯೂ ಔಷಧದಲ್ಲಿಯೂ ಹೇಳಿದುದಕ್ಕಿಂತ ಒಂದು ಹಿಡಿ ಹೆಚ್ಚು ಹಾಕುವ ನಮ್ಮ ರೂಢಿ ಇಲ್ಲಿ ನೇರವಾಗಿ ನಷ್ಟವನ್ನು ತರುವುದು. ಕಣಗಳು ಬಿಡಿಬಿಡಿಯಾಗಿ ನಿಲ್ಲಬೇಕಾದರೆ ಅವುಗಳ ಮೈಗೆ ತಕ್ಕ ಲೇಪವಿರಬೇಕು, ಶಬ್ದತರಂಗದ ಯಂತ್ರದಿಂದ ಅವನ್ನು ಬೆರೆಸಿರಬೇಕು. ಕೋಲಿನಿಂದ ಕಲಕಿ ಮಾಡುವ ಕೆಲಸವಿದಲ್ಲ.

ಹಾಗಾದರೆ ಗಿಡದ ಎಣ್ಣೆಗೆ ನಮ್ಮಲ್ಲಿ ಎಲ್ಲಿ ಜಾಗವುಂಟು? ಟ್ರಾಕ್ಟರಿನ ಎಂಜಿನಿನಲ್ಲಿ ಖಂಡಿತವಾಗಿಯೂ ಇಲ್ಲ. ಅಲ್ಲಿನ ಶಾಖಕ್ಕೆ ಶೋಧಿಸದ ಎಣ್ಣೆಯು ಅರಗಾಗಿ ಕೊಳವೆಗಳನ್ನು ಕಟ್ಟುವುದು. ತಯಾರಕರು ಬರೆದುಕೊಟ್ಟ ಭರವಸೆಯೂ ತಪ್ಪಿಹೋಗುವುದು. ಅದರ ಹೈಡ್ರಾಲಿಕ್ ಭಾಗಕ್ಕೂ ಇದೇ ಮಾತು. ಆದರೆ ಹಾಕಿದ ಎಣ್ಣೆಯೆಲ್ಲ ಹೊರಗೆ ಬಿದ್ದು ಹೋಗುವ ಕೆಲವು ಜಾಗಗಳಿವೆ: ಸರಪಳಿ ಗರಗಸ, ಒಕ್ಕುವ ಯಂತ್ರದ ತೆರೆದ ಸರಪಳಿ, ಚಕ್ಕಡಿಯ ಅಚ್ಚು, ಬಾವಿಯ ರಾಟೆ, ಗೇಟುಗಳ ತಿರುಪು. ಗರಗಸಕ್ಕೆ ಎರೆದ ಎಣ್ಣೆಯಲ್ಲಿ ಒಂದು ಹನಿಯೂ ಡಬ್ಬಿಗೆ ಮರಳುವುದಿಲ್ಲ. ಎಲ್ಲವೂ ತೋಟದ ಮಣ್ಣಿಗೆ. ಇದನ್ನು ಮನಗಂಡೇ ಆಸ್ಟ್ರಿಯಾ ದೇಶದವರು ೧೯೯೨ರಲ್ಲಿ ಗರಗಸದ ಸರಪಳಿಗೆ ಭೂತೈಲವನ್ನು ಹಾಕಕೂಡದೆಂದು ನಿಯಮ ಮಾಡಿದರು. ಅಮೇರಿಕದವರು ೨೦೧೩ರಲ್ಲಿ ದೊಡ್ಡ ಹಡಗುಗಳ ನೀರಿಗೆ ತಾಗುವ ಭಾಗಗಳಿಗೆ ಬೇಗ ಕೊಳೆತು ಲೀನವಾಗುವ ಕೀಲೆಣ್ಣೆಯನ್ನೇ ವಿಧಿಸಿದರು.

ನಮ್ಮ ಸೀಮೆಗೆ ಈ ಮಾತು ದೂರದ್ದಲ್ಲ. ಶಿವಮೊಗ್ಗದ ಕಡೆಯಿಂದ ಇಳಿದು ಬರುವ ಕುಮುದ್ವತಿಯನ್ನು ಗುಡ್ಡಗಳ ನಡುವೆ ತಡೆದು ವಿಜಯನಗರದ ಅರಸರ ಕಾಲದಲ್ಲಿ ಕಟ್ಟಿದ ಮದಗ-ಮಾಸೂರು ಕೆರೆಯು ನಮಗೆ ಹಿರಿಯರಿಂದ ಬಂದ ಆಸ್ತಿ. ಹೊಲದಲ್ಲಿ, ಗ್ಯಾರೇಜಿನಲ್ಲಿ, ಕಾಲುವೆಯ ದಂಡೆಯಲ್ಲಿ ಚೆಲ್ಲಿದ ಎಣ್ಣೆಯು ಮೊದಲ ಮಳೆಗೆ ಹಳ್ಳವನ್ನೂ ಕೆರೆಯನ್ನೂ ಹೊಳೆಯನ್ನೂ ಸೇರಿ ತುಂಗಭದ್ರೆಯ ಪಾಲಾಗುವುದು. ಭೂತೈಲಕ್ಕಿಂತ ಗಿಡದ ಎಣ್ಣೆಯು ಮಣ್ಣಿನಲ್ಲಿ ಬೇಗ ಕರಗುವುದೆಂಬುದು ಅದರ ನಿಜವಾದ ಹೆಚ್ಚುಗಾರಿಕೆ. ಅಂಥ ಎಣ್ಣೆಗೆ ಎಂದಿಗೂ ಕೊಳೆಯದ ಲೋಹದ ಪುಡಿಯನ್ನು ಬೆರೆಸಿ ಬಯಲಿಗೆ ಚೆಲ್ಲುವುದು ಈ ಹೆಚ್ಚುಗಾರಿಕೆಯನ್ನು ಕೈಯಾರೆ ಕಳೆದಂತೆಯೇ ಸರಿ. ತಾಮ್ರ, ಸತು, ಬೆಳ್ಳಿ ಇವುಗಳ ಸೂಕ್ಷ್ಮಕಣಗಳು ಮೀನಿಗೂ ನೀರಿನ ಸಣ್ಣ ಜೀವಿಗಳಿಗೂ ವಿಷಕರವಾಗಬಲ್ಲವು. ಒಣ ಪುಡಿಯು ಗಾಳಿಯಲ್ಲಿ ಹಾರಿ ಉಸಿರಿನಲ್ಲಿ ಹೋಗುವುದೂ ಒಳ್ಳೆಯದಲ್ಲ. ಟೈಟೇನಿಯಮ್ ಭಸ್ಮವನ್ನು ಉಸಿರಾಡುವುದರಿಂದ ಮನುಷ್ಯರಿಗೆ ಅರ್ಬುದರೋಗ ಬರುವ ಸಂಭವವುಂಟೆಂದು ಜಾಗತಿಕ ಸಂಸ್ಥೆಯೊಂದು ೨೦೦೬ರಲ್ಲಿ ನಿರ್ಣಯಿಸಿದೆ. ಆದುದರಿಂದ ಎಣ್ಣೆಯು ಹೊರಗೆ ಬೀಳುವ ಕಡೆ ಗ್ರಾಫೈಟಿನಂಥ ಇಂಗಾಲದ ಪುಡಿಯನ್ನು ಬಿಟ್ಟು ಲೋಹದ ಪುಡಿಯನ್ನು ಹಾಕಬಾರದೆಂದೇ ಈ ಲೇಖಕನ ಮತ. ಲೋಹದ ಪುಡಿಗೆ ಜಾಗವಿದ್ದರೆ ಅದು ಮುಚ್ಚಿದ ಗೇರುಪೆಟ್ಟಿಗೆಗಳಲ್ಲಿ. ಅಲ್ಲಿಯೂ ಯಂತ್ರದ ತಯಾರಕರು ಒಪ್ಪಿದ ಮೇಲೆ.

ಗಿಡದ್ದೆಂಬ ಮಾತ್ರಕ್ಕೆ ಎಲ್ಲವೂ ನಿರುಪದ್ರವಿಯೆಂದು ಭಾವಿಸಬಾರದು. ಹೊಂಗೆಯ ಬೀಜವನ್ನು ಹಿಂದೆ ಹೊಳೆಯಲ್ಲಿ ಮೀನು ಹಿಡಿಯುವುದಕ್ಕೆ ವಿಷವಾಗಿ ಉಪಯೋಗಿಸುತ್ತಿದ್ದುದುಂಟು. ಕಬ್ಬಿನ ಗಾಣದಲ್ಲಿ ರಸಕ್ಕೆ ತಾಗುವ ಭಾಗಗಳಿಗೆ ಹೊಂಗೆಯೂ ಬೇಡ, ಯಾವ ಪುಡಿಯೂ ಬೇಡ. ತಿನ್ನುವ ಶೇಂಗಾ ಎಣ್ಣೆಯನ್ನೇ ಹಾಕಿ ಪ್ರತಿದಿನ ಒರಸತಕ್ಕದ್ದು.

ಪುಡಿ ಬೆರೆಸಿದ ಎಣ್ಣೆಯನ್ನು ಯಾರಾದರೂ ತಂದು ತೋರಿಸಿದರೆ ಪರೀಕ್ಷಿಸುವ ಬಗೆ ಕಷ್ಟವಾದುದಲ್ಲ. ಒಂದು ಬಿಳಿಯ ಗಾಜಿನ ಸೀಸೆಯಲ್ಲಿ ಅದನ್ನು ತುಂಬಿ, ಬಿರಡೆ ಹಾಕಿ, ಅಲುಗಾಡಿಸದೆ ಒಂದು ತಿಂಗಳು ಇಡಬೇಕು. ತಳದಲ್ಲಿ ಕೆಸರಿನಂತೆ ಪುಡಿ ಕುಳಿತರೆ ಆ ಸರಕನ್ನು ಹಿಂದಕ್ಕೆ ಕಳುಹಿಸತಕ್ಕದ್ದು. ಕುಳಿತುಕೊಳ್ಳದಿದ್ದರೆ ಎರಡನೆಯ ಪರೀಕ್ಷೆ. ಚಕ್ಕಡಿಯ ಎಡಗಾಲಿಗೆ ಶುದ್ಧವಾದ ಔಡಲ ಎಣ್ಣೆಯನ್ನೂ ಬಲಗಾಲಿಗೆ ಅದೇ ಎಣ್ಣೆಯಲ್ಲಿ ಪುಡಿ ಬೆರೆಸಿದುದನ್ನೂ ಸಮತೂಕದಲ್ಲಿ ಹಾಕಬೇಕು. ಚಕ್ಕಡಿಯೂ ಒಂದೇ, ಹೇರೂ ಒಂದೇ, ದಾರಿಯೂ ಒಂದೇ ಆದುದರಿಂದ ಹೋಲಿಕೆಗೆ ಅಡ್ಡಿಯಿಲ್ಲ. ಒಂದು ತಿಂಗಳು ನಡೆಸಿ, ಎರಡೂ ಗಾಲಿಗಳಿಗೆ ಎಷ್ಟು ದಿನಕ್ಕೊಮ್ಮೆ ಎಣ್ಣೆ ಬೇಕಾಯಿತು, ಯಾವ ಅಚ್ಚು ಬಿಸಿಯಾಯಿತು, ಗುಂಭದೊಳಗಿನ ಕಬ್ಬಿಣದ ಬಳೆ ಎಷ್ಟು ಸವೆಯಿತು ಎಂಬುದನ್ನು ಬರೆದಿಡಬೇಕು. ಬಳಿಕ ಎಣ್ಣೆಗಳನ್ನು ಅದಲು ಬದಲು ಮಾಡಿ ಮತ್ತೊಂದು ತಿಂಗಳು ನೋಡಬೇಕು. ಇಲ್ಲದಿದ್ದರೆ ಒಂದು ಗಾಲಿಯ ಹಳೆಯ ದೋಷವು ಪುಡಿಯ ತಲೆಗೆ ಬರುವುದು. ಇಂಥ ಬರಹವನ್ನು ಹಿಡಿದುಕೊಂಡು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜಿನವರನ್ನೋ ಕಂಡು ಸಲಹೆ ಕೇಳಿದರೆ, ಬರಿಗೈಯಲ್ಲಿ ಹೋದವರಿಗೆ ದೊರೆಯುವುದಕ್ಕಿಂತ ಹೆಚ್ಚಿನ ಉತ್ತರ ದೊರೆತೀತು.

ಪುಡಿಗಿಂತ ಮೊದಲು ಎಣ್ಣೆ ಎಂದು ಹೇಳಿದೆವು. ಕುಣಿಗಲ್ ತಾಲ್ಲೂಕಿನ ಕಗ್ಗನಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆಯೆಣ್ಣೆಯಿಂದಲೇ ಡೀಸೆಲ್ ಯಂತ್ರಗಳನ್ನು ನಡೆಯಿಸಿ ನೀರೆತ್ತಿ ತೋರಿಸಿದರು. ೨೦೦೯ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ ಬಂದಿತು; ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವಾಯಿತು; ಬದುಗಳ ಮೇಲೆ ಹೊಂಗೆ, ಬೇವು, ಹಿಪ್ಪೆಗಳನ್ನು ನೆಡಲು ‘ಹಸಿರು ಹೊನ್ನು’ ಎಂಬ ಯೋಜನೆ ನಡೆಯಿತು. ಇಂಧನವಾಗಿ ಸುಡುವುದಕ್ಕೆ ಬೇಕಾದ ಎಣ್ಣೆಯ ಮೊತ್ತವು ಬಹಳ ದೊಡ್ಡದು. ಒಂದು ಊರಿನ ಮರಗಳು ಅದನ್ನು ಪೂರೈಸುವುದು ಕಷ್ಟ. ಕೀಲೆಣ್ಣೆಗೆ ಬೇಕಾಗುವುದೋ ಅದರ ಅತ್ಯಲ್ಪ ಭಾಗ. ಗ್ರಾಮದ ಹಿರಿಯರು ಮನಸ್ಸು ಮಾಡಿದರೆ ಊರಿನ ಬೀಜದಿಂದ ಊರಿನ ಸರಪಳಿಗಳಿಗೆ ಸಾಲುವಷ್ಟು ಎಣ್ಣೆಯನ್ನು ಗಾಣದಲ್ಲಿ ತೆಗೆಯಿಸಬಹುದು. ಸರಕಾರಿ ಹಾಡ್ಯ, ಹಳ್ಳದ ದಂಡೆಗಳಲ್ಲಿನ ಮರಗಳ ಬೀಜವನ್ನು ಆರಿಸುವ ಹಕ್ಕು ಬಡ ಹೆಂಗಸರಿಗೆ ದೊರೆಯುವಂತೆ ಪಂಚಾಯತಿಯಲ್ಲಿ ನಿರ್ಣಯಿಸಿಕೊಳ್ಳುವುದೂ ಅವರ ಕೈಯಲ್ಲಿದೆ.

ಹೊಂಗೆಯ ಕಾಯಿಗಳು ಬೇಸಗೆಯ ಮುಂಚಿತವಾಗಿ ಬಲಿತು ಮೇ ತಿಂಗಳವರೆಗೆ ಉದುರುವುವು. ಮಳೆ ಬೀಳುವ ಮೊದಲೇ ಆರಿಸಿ ಸಿಪ್ಪೆ ಸುಲಿದು ಬೀಜವನ್ನು ಚೆನ್ನಾಗಿ ಒಣಗಿಸತಕ್ಕದ್ದು. ಹಸಿಯಾಗಿ ಗುಡ್ಡೆ ಹಾಕಿದ ಬೀಜದ ಎಣ್ಣೆಯಲ್ಲಿ ಹುಳಿ ಹೆಚ್ಚಿ ಕಬ್ಬಿಣವನ್ನು ಕೊರೆಯುವುದು. ಗಾಣದಿಂದ ಬಂದ ಎಣ್ಣೆಯನ್ನು ಹತ್ತು ಹದಿನೈದು ದಿನ ಅಲುಗಾಡಿಸದೆ ಇಟ್ಟು, ಮಡ್ಡಿಯನ್ನು ತಳದಲ್ಲಿಯೇ ಬಿಟ್ಟು ಮೇಲಿನದನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು. ಅನಂತರ ೧೦೫ರಿಂದ ೧೧೦ ಡಿಗ್ರಿಯ ವರೆಗೆ ನಿಧಾನವಾಗಿ ಕಾಯಿಸಿ, ಚಿಟಚಿಟ ಸದ್ದು ನಿಲ್ಲುವ ತನಕ ನೀರಿನ ಅಂಶವನ್ನು ಹೋಗಲಾಡಿಸಿ, ಆರಿದ ಮೇಲೆ ಬೆಳಕು ಬೀಳದ ಡಬ್ಬಿಯಲ್ಲಿ ಬಾಯಿತನಕ ತುಂಬಿ ಮುಚ್ಚಿಡಬೇಕು. ಡಬ್ಬಿಯು ತಾಮ್ರದ್ದಾಗಲಿ ಹಿತ್ತಾಳೆಯದಾಗಲಿ ಇರಕೂಡದು. ಮಿಕ್ಕ ಹಿಂಡಿಯು ಅಡಿಕೆ ತೋಟಕ್ಕೆ ಗೊಬ್ಬರವಾಗುವುದು.